ಕೈ ನೋಡಿ ತುಂಬಿದ ಫಾರಂ

ಸಾಸಿವೆ ಸತ್ತ ಮೇಲೆ ಬಂದವರೆಲ್ಲ ಅವಳ ನಗುವನ್ನು ಹೊಗಳಿದರು. ಮೂವತ್ತೊಂದಕ್ಕೇ ಹೋದವಳ ಬಗ್ಗೆ ಸುಳ್ಳು ಹೇಳಲು ಒಬ್ಬರ ನಾಲಿಗೆಯೂ ತಡವರಿಸಲಿಲ್ಲ. ಅವಳು ನಗುತ್ತಿದ್ದದ್ದೇ ಅಪರೂಪ. ಕುಳ್ಳಗಿದ್ದಳು, ತುಸು ಬಿಸಿ ತಗುಲಿದರೂ ಚಟಪಟ ಸಿಡಿಯುತ್ತಿದ್ದಳು. ಬಾಟಲಿ ಕಾರ್ಖಾನೆಯಲ್ಲಿ ಆ ಹೆಸರು ಬಿದ್ದದ್ದೇ ಹಾಗೆ. ಆ ಸಿಟ್ಟಿನಿಂದ ಉಪಕಾರವಾದವರು ಅಂದು ಅಲ್ಲೇ ಕೂತಿದ್ದರು. ಅವರೂ ನಗುವನ್ನೇ ಹೊಗಳಿದರು.

ಅವಳ ಕೆಲಸ ಪರೀಕ್ಷಾ ಕೋಣೆಯಲ್ಲಿ. ಬಿಳಿ ದೀಪದ ಮುಂದೆ ಬಾಟಲಿಗಳು ಸಾಲಾಗಿ ಹೋಗುತ್ತವೆ. ಗುಳ್ಳೆಯೋ ಕೂದಲೆಳೆಯ ಬಿರುಕೋ ಕಂಡದ್ದನ್ನು ಎತ್ತಿ ಬುಟ್ಟಿಗೆ ಹಾಕಬೇಕು. ಹೊಸಬರು ಒಂದು ವರ್ಷ ಹಿರಿಯರ ಎಡಕ್ಕೆ ಕೂತು, ಅವರು ಯಾವುದನ್ನು ಎತ್ತುತ್ತಾರೆಂದು ನೋಡಿ ಕಲಿಯಬೇಕು. ‘ಕೈ ನೋಡು, ಬಾಯಿ ಮುಚ್ಚು’ ಎನ್ನುವುದೇ ಅಲ್ಲಿನ ಪಾಠ. ಇಪ್ಪತ್ತೊಂದರ ಸಾಸಿವೆ ಕೂತದ್ದು ದೊಡ್ಡಮ್ಮನ ಎಡಕ್ಕೆ. ಆಕೆ ಯಾರಿಗೂ ನೆಂಟಳಲ್ಲ, ಆದರೆ ಇಡೀ ಕೋಣೆಗೆ ದೊಡ್ಡಮ್ಮ.

ಅದೇ ವಾರ ನಿವೃತ್ತಿ ನಿಧಿಯ ಫಾರಂ ಬಂತು. ಸಂಬಳದಲ್ಲಿ ಹಿಡಿಯುವ ಹಣ ಷೇರು ನಿಧಿಗೋ, ಏರಿಳಿತವಿಲ್ಲದ ‘ಸುಭದ್ರ’ ನಿಧಿಗೋ, ಅರ್ಧರ್ಧವೋ? ಐವತ್ತಾರರ ದೊಡ್ಡಮ್ಮ ಸುಭದ್ರಕ್ಕೆ ಗುರುತು ಹಾಕಿದಳು. ಸಾಸಿವೆ ಕೈ ನೋಡಿದಳು, ತಾನೂ ಹಾಕಿದಳು.

ನಿಧಿ ಬದಲಿಸಲು ವರ್ಷಕ್ಕೆ ಒಂದೇ ವಾರ. ನಾಲ್ಕನೆಯ ವರ್ಷದ ಆ ವಾರ ಅವಳು, ಕಂಪನಿ ವರ್ಷವರ್ಷ ಕಳಿಸುವ ನಿಧಿ ಲೆಕ್ಕದ ಲಕೋಟೆಯನ್ನು ಮೊದಲ ಸಲ ಒಡೆದು ಓದಿದಳು. ಹಣ ಬೆಳೆದಿತ್ತು, ಆದರೆ ಅಂಗಡಿಯ ಬೆಲೆಗಳು ಅದಕ್ಕಿಂತ ಬೇಗ ಬೆಳೆದಿದ್ದವು. ಕೋಣೆಯ ಚಿಕ್ಕವಯಸ್ಸಿನವರನ್ನೆಲ್ಲ ಕೇಳಿದಳು. ತಾನೂ ಸೇರಿ ಒಂಬತ್ತು ಮಂದಿ, ಒಂಬತ್ತೂ ಸುಭದ್ರ. ನೇರ ಕಚೇರಿಯ ಕಿಟಕಿಗೆ ಹೋದಳು.

“ಇಪ್ಪತ್ತೊಂದರವಳು ಅರವತ್ತರವರ ಥರ ಗುರುತು ಹಾಕ್ದಾಗ ಒಂದ್ಮಾತು ಕೇಳ್ಬಾರ್ದಿತ್ತಾ?”

“ಸಹಿ ನಿಂದೇ ಅಲ್ವೇನಮ್ಮ?” ಎಂದ ಗುಮಾಸ್ತ.

“ಸಹಿ ನಂದು. ಕಣ್ಣು ನಿಮ್ದಿತ್ತಲ್ಲ! ಒಂಬತ್ತು ಬಾಟಲೀಲಿ ಒಂದೇ ಕಡೆ ಗುಳ್ಳೆ ಬಂದ್ರೆ, ಅಚ್ಚು ಕೆಟ್ಟಿದೆ ಅಂತ ನಾವು ಲೈನೇ ನಿಲ್ಲಿಸ್ತೀವಿ.”

“ನನ್ನ ಕೆಲ್ಸ ಫೈಲಿಗೆ ಹಾಕೋದು. ಬದಲಿಸ್ಬೇಕಾದ್ರೆ ಶುಕ್ರವಾರ ಐದರೊಳಗೆ ತಂದ್ಕೊಡು.”

ಊಟದ ಹೊತ್ತಿಗೆ ಸುದ್ದಿ ದೊಡ್ಡಮ್ಮನ ಕಿವಿಗೆ ಬಿದ್ದಿತ್ತು. “ನನ್ನ ಕೈ ನೋಡಿ ಹಾಳಾದೆ ಅಂತ ಊರೆಲ್ಲ ಸಾರ್ತಿದ್ದೀಯಂತೆ?”

“ನಿಮ್ಗೆ ಅದು ಸರೀನೇ ದೊಡ್ಡಮ್ಮ. ನಾಳೆ ಬೇಕಾಗೋ ದುಡ್ಡನ್ನ ಏಳುಬೀಳಿಗೆ ಬಿಡ್ಬಾರ್ದು. ನಂಗಿನ್ನೂ ಮೂವತ್ತೈದು ವರ್ಷ ಇದೆ. ಬಿದ್ರೂ ಎದ್ದೇಳೋಕೆ ಟೈಮಿದೆ.”

“ಓಹೋ! ಬಾಟಲಿ ಹಿಡಿಯೋದು ಕಲಿಸ್ದೋಳಿಗೇ ಪಾಠ,” ಎಂದಳು ದೊಡ್ಡಮ್ಮ. ಆದರೂ ತನ್ನ ಕನ್ನಡಕ ತೆಗೆದು ಕೊಟ್ಟಳು. ಷರತ್ತುಗಳ ಅಕ್ಷರ ಇರುವೆಗಿಂತ ಸಣ್ಣಗಿತ್ತು.

ಷೇರು ನಿಧಿಯಲ್ಲೂ ಎರಡಿದ್ದವು. ನಿರ್ವಹಣೆಗೆಂದು ಕಡಿಮೆ ಮುರಿದುಕೊಳ್ಳುವುದನ್ನು ಹುಡುಕಿ ಸಾಸಿವೆ ಗುರುತು ಹಾಕಿದಳು. ತಲೆಯೆತ್ತಿದರೆ ಎಂಟು ಕತ್ತುಗಳು ಅವಳ ಕಾಗದದ ಮೇಲೆ ಬಾಗಿದ್ದವು, ಎಂಟು ಪೆನ್ನುಗಳು ಸಿದ್ಧವಾಗಿದ್ದವು.

ಅವಳು ಫಾರಮ್ಮನ್ನು ಫಟ್ಟನೆ ಮಗುಚಿ ಹಾಕಿದಳು. “ಕತ್ತೆಗಳಾ! ಇಷ್ಟು ಹೊತ್ತು ಏನು ಬಡ್ಕೊಂಡೆ? ನಿಮ್ಮ ಬದುಕು, ನೀವೇ ಓದ್ರಿ. ನನ್ನ ಕೈ ನೋಡಿದ್ರೆ ಕೈ ಮುರೀತೀನಿ!”

ಬೈದಳು, ಓದಿಸಿದಳು, ಮತ್ತೆ ಬೈದಳು. ಮೂರು ದಿನ ಊಟದ ಹೊತ್ತು ಅದರಲ್ಲೇ ಕಳೆಯಿತು. ಕೊನೆಗೆ ಅವಳ ಎಡಕ್ಕೆ ಕೂರುವ ಹೊಸ ಹುಡುಗಿ, “ಅಕ್ಕಾ, ನಂಗೆ ಅರ್ಧರ್ಧ,” ಎಂದಳು.

“ಯಾಕೆ? ಇಪ್ಪತ್ತು ವರ್ಷ ನಿಂಗೆ!”

“ಷೇರು ಬಿದ್ರೆ ನಾನು ಹೆದ್ರಿ, ಬಿದ್ದ ವರ್ಷಾನೇ ಸುಭದ್ರಕ್ಕೆ ಓಡ್ತೀನಿ. ನಂಗೆ ನಾನು ಗೊತ್ತು.”

“ಪುಕ್ಕಲಿ.”

“ಹೂಂ, ಪುಕ್ಕಲೀನೇ.”

ಸಾಸಿವೆಯ ಮೂಗು ಕೆಂಪೇರಿತು. ಫಾರಂ ಕಿತ್ತುಕೊಂಡು ಉಳಿದವುಗಳ ಜೊತೆ ಸೇರಿಸಿದಳು.

ಶುಕ್ರವಾರ ಐದಕ್ಕೆ ಹತ್ತು ನಿಮಿಷವಿದ್ದಾಗ ಗುಮಾಸ್ತ ಕಿಟಕಿ ಎಳೆಯುತ್ತಿದ್ದ. ಅವಳು ನಡುವೆ ಮೊಣಕೈ ಇಟ್ಟಳು. ಗೊಣಗುತ್ತ ಒಂದೊಂದಕ್ಕೇ ಮುದ್ರೆ ಒತ್ತಿದವನು ಒಂಬತ್ತನೆಯದಕ್ಕೆ ನಿಂತ.

“ಇಪ್ಪತ್ತರ ಹುಡುಗಿ ಅರ್ಧರ್ಧ ಹಾಕಿದ್ದಾಳೆ. ನೀನು ಹೇಳ್ದಂಗೆ ಇದು ತಪ್ಪಲ್ವಾ? ತಿದ್ದಿಬಿಡ್ಲಾ?”

“ಅದು ಓದಿ ಹಾಕಿದ್ದು. ಮುಟ್ಟಿದ್ರೆ ನೋಡಿ. ಒತ್ರಿ ಮುದ್ರೆ!”

ಒತ್ತಿದ. ಹೊರಗೆ ಕಾಯುತ್ತಿದ್ದ ಹುಡುಗಿಯನ್ನು ಅವಳು ಬಸ್ ನಿಲ್ದಾಣದವರೆಗೂ ಬೈದುಕೊಂಡೇ ಹೋದಳು.