ಕೂಸಿಗೆ ಎರೆಯುವಾಕೆಯನ್ನು ದೆವ್ವ ಮಾಡಿದ್ದು

ನನ್ನ ಮೊಮ್ಮಗಳು ಕಥೆ ಬರೆದು ಹೆಸರು ಮಾಡಿದಳು ಎಂದು ಮಂದಿ ಹೇಳುತ್ತಾರೆ. ಆಕೆ ಮಾಡಿದ್ದು ಇಷ್ಟೇ: ಒಬ್ಬ ಹೆಂಗಸಿನ ಅನ್ನ ಕಸಿದಳು.

ಶಿರಹಟ್ಟಿಗೆ ಕೊಟ್ಟ ಮೊಮ್ಮಗಳು ಚೊಚ್ಚಲ ಬಾಣಂತನಕ್ಕೆ ಬೆಟಗೇರಿಗೆ, ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಎಣ್ಣೆ ತಿಕ್ಕಿ ನೀರು ಎರೆಯಲು ನಮ್ಮ ಓಣಿಯ ಹೆಂಗಸೊಬ್ಬಳು ಬರುತ್ತಿದ್ದಳು. ಹೊಳೆದಂಡೆಯ ಹಮ್ಮಿಗಿ ಕಡೆಯವಳು. ಗಂಡ ಸತ್ತ, ಇದ್ದೊಂದು ಮಗು ಹೊಳೆಪಾಲಾಯಿತು. ಆಮೇಲೆ ಇಲ್ಲಿಗೆ ಬಂದು ಮಂದಿಯ ಕೂಸುಗಳಿಗೆ ಎರೆದೇ ಹೊಟ್ಟೆ ಹೊರೆದಳು. ನನ್ನ ಮೊಮ್ಮಗಳು ಕೂಸಿದ್ದಾಗ ಎರೆದವಳೂ ಆಕೆಯೇ. ಎಣ್ಣೆ ತಿಕ್ಕುವಾಗ ತನ್ನ ಮಗುವಿನ ಸುದ್ದಿ ತೆಗೆಯುವುದು ಆಕೆಯ ರೂಢಿ. ಕೇಳಿ ಕೇಳಿ ನನಗೆ ಬೇಸರ ಬಂದಿತ್ತು. ಮೊಮ್ಮಗಳು ಮಾತ್ರ ಕಿವಿಗೊಟ್ಟು ಕೇಳಿದಳು.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮೊಬೈಲಿನಲ್ಲಿ ಕಥೆ ಹಾಕುವ ತಾಣಗಳು ಇಷ್ಟೊಂದು ಇವೆ ಎಂದು ನನಗೇನು ಗೊತ್ತು? ಒಂದಕ್ಕೆ ಪ್ರೇಮ ಬೇಕಂತೆ, ಒಂದಕ್ಕೆ ಅತ್ತೆ-ಸೊಸೆ ಜಗಳ, ಇನ್ನೊಂದಕ್ಕೆ ಕೊಲೆ, ಮತ್ತೊಂದಕ್ಕೆ ದೆವ್ವ. ಕೂಸು ಮಲಗಿತೆಂದರೆ ಮೊಮ್ಮಗಳು ಯಾವ ಕಥೆ ಎಲ್ಲಿ ಓಡುತ್ತದೆ ಎಂದು ಹುಡುಕುತ್ತ ಕೂಡುವಳು. ಆ ಹೆಂಗಸಿನ ಸುದ್ದಿಯನ್ನು ಮೊದಲು ಇದ್ದದ್ದು ಇದ್ದಂತೆ ಬರೆದು ಸಂಸಾರದ ಕಥೆಗಳ ತಾಣಕ್ಕೆ ಹಾಕಿದಳು. ಯಾರೂ ಮೂಸಿ ನೋಡಲಿಲ್ಲ. ಅದನ್ನೇ ತಿರುವಿ ದೆವ್ವದ ತಾಣಕ್ಕೆ ಒಯ್ದಳು: ಮಗು ಕಳೆದುಕೊಂಡವಳು ದೆವ್ವವಾಗಿ ಮಂದಿಯ ಕೂಸುಗಳನ್ನು ಬಚ್ಚಲಲ್ಲಿ ಮುಳುಗಿಸುತ್ತಾಳೆ. ಊರು, ಓಣಿ, ಆಕೆಯ ಹಣೆಯ ಹಚ್ಚೆ, ಯಾವುದನ್ನೂ ಬದಲಿಸಲಿಲ್ಲ. ಕಥೆ ಓಡಿತು.

ಅಳಿಸಿ ಹಾಕು ಎಂದೆ.

"ಖರೆ ಮಂದಿ ಇದ್ರನ ಅಂಜಿಕಿ ಬರೋದು, ಆಯಿ. ಓದೋರು ಈಗರೆ ಬರಾಕತ್ತಾರ" ಎಂದಳು.

ಓಣಿಯ ಸೊಸೆಯರು ಓದಿದರು, ನಕ್ಕರು. ಆಮೇಲೆ ಒಂದೊಂದೇ ಮನೆಯವರು ಎರೆಯುವಾಕೆಯನ್ನು ಕೆಲಸದಿಂದ ಬಿಡಿಸಿದರು. ಕೂಸಿಗೆ ನೆಗಡಿ, ನಾವು ಊರಿಗೆ ಹೊರಟೇವಿ, ನೆಪಕ್ಕೇನು ಬರ? ಕೊನೆಗೆ ಉಳಿದದ್ದು ನಮ್ಮ ಮನೆಯೊಂದೇ.

ಯಾರೋ ಪುಣ್ಯಾತ್ಗಿತ್ತಿ ಕಥೆಯನ್ನು ಆಕೆಗೇ ಓದಿ ಹೇಳಿದಳು. ಮರುದಿನವೂ ಆಕೆ ತನ್ನ ಹೊತ್ತಿಗೆ ಬಂದಳು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ಚಾಚಿ, ಕೂಸಿಗೆ ಕೈ ನೀಡಿದಳು. ಮೊಮ್ಮಗಳು ಕೂಸನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ತಾನು ಹುಟ್ಟಿಸಿದ ಸುಳ್ಳಿಗೆ ತಾನೇ ಅಂಜಿದ್ದಳು.

"ಕೊಡವಾ, ನೀರು ಆರ್ತಾವ."

"ಇವತ್ತ ಬ್ಯಾಡ."

ಆಕೆ ಕಾಲು ಮಡಚಿಕೊಂಡು ಎದ್ದಳು. "ನಿನ್ನೂ ಇದ ಕಾಲ ಮ್ಯಾಲ ಹಾಕ್ಕೊಂಡು ಎರದೀನಿ. ಆವತ್ತ ಮುಳುಗಿಸಿದ್ರ ಚಲೋ ಇತ್ತು."

ಸಂಜೆಯೊಳಗೆ ಆ ಮಾತೂ ಕಥೆಯ ಮುಂದಿನ ಭಾಗಕ್ಕೆ ಸೇರಿತು.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಕೇಳದೆ ಕೂಸನ್ನು ಎತ್ತಿಕೊಂಡು, ಓಣಿಯೆಲ್ಲ ನೋಡುವಂತೆ ಆಕೆಯ ಬಾಗಿಲಿಗೆ ಹೋದೆ. ಆಕೆ ಕೈ ಚಾಚಲಿಲ್ಲ.

"ನಾಳೆ ಈ ಕೂಸು ಸೀನಿದ್ರೂ ನನ್ನ ತಲಿಗೆ ಬರ್ತೈತಿ, ಅವ್ವಾರ. ಒಯ್ಯಿರಿ."

ತಿರುಗಿ ಮನೆಗೆ ಬಂದೆ. ಮೊಮ್ಮಗಳ ಕೈಯಿಂದ ಮೊಬೈಲು ಕಸಿದು, ಅವಳನ್ನೇ ಬಚ್ಚಲ ಮಣೆಯ ಮೇಲೆ ಕೂಡಿಸಿ, ಕೂಸನ್ನು ಅವಳ ಕಾಲ ಮೇಲೆ ಹಾಕಿದೆ. ನನಗೆ ಎರೆಯಲು ಬರುವುದಿಲ್ಲ ಎಂದು ಅತ್ತಳು. ತಂಬಿಗೆಯನ್ನು ಕಥೆ ಬರೆದ ಆ ಕೈಗೇ ಕೊಟ್ಟು, ಎರೆದು ಮುಗಿಸುವ ತನಕ ಬಾಗಿಲಿಗೆ ಅಡ್ಡ ನಿಂತೆ.