ಕಿಲ್ ಕೊಟ್ಟರೂ ಸಾಯದ ಪ್ರೋಗ್ರಾಮ್

ಬೀಜ ಪರೀಕ್ಷಾ ಕೇಂದ್ರದ ಸರ್ವರ್ ಕೋಣೆಯನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ಹಿರಿಯರಾದ ಬೀಜತಜ್ಞರೂ ಸಹ. ಕೈಕೊಟ್ಟ ಪ್ರಿಂಟರಿನಿಂದ ಹಿಡಿದು ನಿಂತ ಗೋಡೆ ಗಡಿಯಾರದವರೆಗೆ ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ಗೊಣಗಿಕೊಂಡೇ ಸರಿಮಾಡುತ್ತಿದ್ದಳು.

ಆ ಗುರುವಾರ ಬೆಳಗ್ಗೆ ಹಳೆಯ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಲು ಹಾಕಿದ್ದಳು. ಅರ್ಧದಲ್ಲೇ ಡಿಸ್ಕು ಸ್ತಬ್ಧವಾಯಿತು. ಅದೇ ಯಂತ್ರದಲ್ಲಿ ಬೀಜತಜ್ಞರ ಲೆಕ್ಕಾಚಾರ ಒಂಬತ್ತು ದಿನದಿಂದ ಓಡುತ್ತಿತ್ತು: ಆರುನೂರು ಮೊಳಕೆಗಳ ಫೋಟೋಗಳಿಂದ, ಬೇರು ಗಂಟೆಗಂಟೆಗೆ ಎಷ್ಟೆಷ್ಟು ಬೆಳೆಯಿತೆಂದು. ಅವರ ನಿವೃತ್ತಿಗೆ ಉಳಿದಿದ್ದುದು ಆರೇ ದಿನ. ಲೆಕ್ಕ ಮುಗಿದಿತ್ತು, ಆದರೆ ಫಲಿತಾಂಶವಿನ್ನೂ ಯಂತ್ರ ಆರಿಸಿದರೆ ಅಳಿಸಿಹೋಗುವ ಮೆಮೊರಿಯಲ್ಲಿತ್ತು. ಅದನ್ನು ಫೈಲಿಗೆ ಬರೆಯಲು ಹೋದರೆ ಕಾಪಿ ಪ್ರೋಗ್ರಾಮ್ ದಾರಿಗೆ ಅಡ್ಡ ಕೂತಿತ್ತು.

"ಅದೊಂದನ್ನ ಸಾಯಿಸಿಬಿಡಕ್ಕ, ನನ್ನದು ಉಳ್ಕೊಳ್ಳುತ್ತೆ," ಎಂದರು ಬೀಜತಜ್ಞರು.

ಅಕ್ಕ ಕಿಲ್ ಕೊಟ್ಟಳು. ಯಾವ ಪ್ರೋಗ್ರಾಮೂ ಬೇಡವೆನ್ನಲಾಗದ ಸಿಗ್ನಲ್ ಅದು. ಪಟ್ಟಿಯಲ್ಲಿ ಹೆಸರು ಹಾಗೇ ಇತ್ತು. ಮತ್ತೆ ಕೊಟ್ಟಳು.

"ಏನಕ್ಕ, ಜಗ್ತಾನೇ ಇಲ್ವಾ?"

"ಸಿಗ್ನಲ್ ಹೋಗಿದೆ ಸರ್. ಆದ್ರೆ ಕೆಲಸ ಇರೋದು ಕರ್ನಲ್ ಒಳಗಿನ, ಅಂದ್ರೆ ಸಿಸ್ಟಮ್ಮಿನ ತಿರುಳಿನೊಳಗಿನ, ವರ್ಕರ್ ಥ್ರೆಡ್ ಅನ್ನೋ ಆಳಿನ ಕೈಲಿ. ಅದು ಡಿಸ್ಕ್ ಉತ್ತರ ಕೊಡ್ಲಿ ಅಂತ ಕಾಯ್ತಾ ಕೂತಿದೆ. ಸಾಯಿ ಅಂತ ನಾವು ಎಷ್ಟು ಕೂಗಿದ್ರೂ ಅದರ ಕಿವಿಗೆ ಬೀಳಲ್ಲ. ಅದು ಬಿಡೋತನಕ ಇದೂ ಸಾಯಲ್ಲ."

"ಅದಕ್ಕೂ ಕೇಳ್ಸೋ ಹಾಗೆ ಮಾಡೋಕಾಗಲ್ವಾ?"

ಅಕ್ಕನಿಗೆ ಚುರುಕ್ ಎಂದಿತು. ಎರಡು ವರ್ಷದ ಹಿಂದೆ ಅವಳೇ ಅಂಥದೊಂದು ತಿದ್ದುಪಡಿ ಬರೆದು ಕಳಿಸಿದ್ದಳು. ಸಾವಿನ ಸಿಗ್ನಲ್ ಬಂದರೆ ಥ್ರೆಡ್ ಕಾಯುವುದನ್ನು ಬಿಟ್ಟು ಹೊರಬರುವಂತೆ. ಡಿಸ್ಕನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ನೋಡಿಕೊಳ್ಳುವ, ಅವಳು ಮುಖವನ್ನೇ ಕಾಣದ ಮನುಷ್ಯ ಈಮೇಲಿನಲ್ಲಿ ಕೇಳಿದ್ದ: ಥ್ರೆಡ್ ಎದ್ದುಹೋದ ಮೇಲೆ ಡಿಸ್ಕು ಎಚ್ಚೆತ್ತು ಅದೇ ಮೆಮೊರಿಗೆ ಕೈಹಾಕಿದರೆ? ಅಷ್ಟರಲ್ಲಿ ಆ ಜಾಗ ಬೇರೆ ಪ್ರೋಗ್ರಾಮಿನ ಪಾಲಾಗಿದ್ದರೆ? ಅವನ ಮಾತು ಸರಿಯಾಗಿಯೇ ಇತ್ತು. ಉತ್ತರ ಹೊಳೆಯದೆ ಅವಳು ಕೈಬಿಟ್ಟಿದ್ದಳು.

ಡಿಸ್ಕಿನ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ಏನೂ ಆಗಲಿಲ್ಲ. ಲೆಕ್ಕಾಚಾರದ ಮೆಮೊರಿಯನ್ನಾದರೂ ಹೊರತೆಗೆಯೋಣವೆಂದರೆ, ಫೈಲು ಬರೆಯಲು ಸರದಿಯಲ್ಲಿ ಕೂತ ಅದೂ ಮರಗಟ್ಟಿತ್ತು. ಮಧ್ಯಾಹ್ನ ಹೊಲಿಗೆ ಅಂಗಡಿಯಿಂದ ಗಂಡ ಫೋನ್ ಮಾಡಿದ. "ಆಫ್ ಮಾಡಿ ಆನ್ ಮಾಡೇ, ನಮ್ಮ ಟೀವಿಗೆ ಮಾಡ್ತೀಯಲ್ಲ!"

"ಅದೊಂದು ಮಾಡಬಾರ್ದು ಅಂತಲೇ ಬೆಳಗ್ಗೆಯಿಂದ ಒದ್ದಾಡ್ತಿರೋದು ಕಣ್ರೀ."

ನಾಲ್ಕಕ್ಕೆ ನಿರ್ದೇಶಕಿ ಬಾಗಿಲಲ್ಲಿ ನಿಂತು, ಉಳಿದ ವಿಭಾಗಗಳ ಕೆಲಸವೆಲ್ಲ ನಿಂತಿದೆ, ರೀಸ್ಟಾರ್ಟ್ ಮಾಡಿ ಎಂದರು. ಬೀಜತಜ್ಞರು ಕುರ್ಚಿಯಿಂದ ಎದ್ದರು.

"ನಾನೇ ಒತ್ಲಾ?"

"ಬೇಡ ಸರ್."

ಗುಂಡಿಯನ್ನು ಅವಳೇ ಒತ್ತಿ ಹಿಡಿದಳು. ಫ್ಯಾನುಗಳ ಸದ್ದು ಅಡಗಿತು.

ಮೊಳಕೆಗಳ ಫೋಟೋಗಳು ಉಳಿದಿದ್ದರಿಂದ ಅಂದು ಸಂಜೆಯೇ ಲೆಕ್ಕವನ್ನು ಮೊದಲಿನಿಂದ ಓಡಿಸಿದಳು. ಮುಂದಿನ ವಾರದ ಶನಿವಾರ ಫಲಿತಾಂಶ ಬಂದಾಗ ಬೀಜತಜ್ಞರ ಕೋಣೆಗೆ ಆಗಲೇ ಬೇರೆಯವರು ಬಂದಿದ್ದರು. ಅಕ್ಕ ಅವರ ಮನೆಗೆ ಫೋನ್ ಮಾಡಿ ಅಂಕಿಗಳನ್ನು ಒಂದೊಂದಾಗಿ ಓದತೊಡಗಿದಳು.

"ಒಳ್ಳೇದಾಯ್ತು ಬಿಡಕ್ಕ," ಎಂದರು ಅವರು, ಮೂರನೆಯ ಸಾಲಿನಲ್ಲೇ. ಮುಂದಿನದನ್ನು ಕೇಳಲಿಲ್ಲ.