ಹಸನಾಕ ಬಾಯಿ ಮುಚ್ಚಿದ ದಿನಗಳು

ಹಸನಾಕರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಜೆದ್ದಾದ ನಮ್ಮ ಕಂಪೆನಿಯ ಟೆಲಿಫೋನ್ ಆಪರೇಟರ್ ಆಗಿದ್ದವರು ಅವರು, ಉಳ್ಳಾಲದ ಹಸನ್; ಹಿರಿಯರೆಂದು ಎಲ್ಲರಿಗೂ ಹಸನಾಕ. ಊರಿನ ಫೋನನ್ನು ನಮ್ಮ ಕೈಗೆ ಕೊಡುವ ಮೊದಲೇ, "ಹೆಣ್ಣು ಮಗು ಮಾರಾಯ, ಇಬ್ರೂ ಸೌಖ್ಯ" ಎಂದುಬಿಡುತ್ತಿದ್ದರು. ಯಾರ ವಾಸದ ಪರವಾನಗಿ ಇಕಾಮಾ ಮುಗಿಯಿತು, ಯಾರ ಮೇಲೆ ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಸಿಟ್ಟಾದ ಎಂಬುದೆಲ್ಲ ಅಜೀಜಿಯಾ ಬಡಾವಣೆಯ ನಮ್ಮ ರೂಮಿನಲ್ಲಿ ಊಟದ ಜೊತೆಗೇ ಬಡಿಸಲ್ಪಡುತ್ತಿತ್ತು. ಬೈದರೆ ನಗುತ್ತಿದ್ದರು.

ನಮ್ಮ ಅಮೆರಿಕನ್ ಎಂಜಿನಿಯರ್ ಕಾರ್ಲ್ ಸಾಹೇಬರ ಮಗ ಅಮೆರಿಕದ ಒಂದು ಸಣ್ಣ ಕಾಲೇಜಿನ ಐಸ್ ಹಾಕಿ ಗೋಲ್‌ಕೀಪರ್. ಆ ವರ್ಷ ಅವನ ತಂಡ ಸಣ್ಣ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಫೈನಲ್ ತಲುಪಿತು. ಸಾಹೇಬರಿಗೆ ರಜೆ ಸಿಗಲಿಲ್ಲ. ಪಂದ್ಯದ ವಿಡಿಯೊ ಕ್ಯಾಸೆಟ್ ಬರುವವರೆಗೆ ಯಾರೂ ತಮಗೆ ಫಲಿತಾಂಶ ಹೇಳಬಾರದೆಂದು ತಾಕೀತು ಮಾಡಿದರು. ಮಗನ ಆಟವನ್ನು ಅಲ್ಲೇ ಕೂತವರ ಹಾಗೆ ನೋಡುವ ಆಸೆ ಅವರದು.

ಪಂದ್ಯದ ಮರುದಿನ ಮಗನೇ ಫೋನ್ ಮಾಡಿದ. ಸಾಹೇಬರು ಸೈಟಿನಲ್ಲಿದ್ದರು. ಹಸನಾಕ ಸುಮ್ಮನಿರುವವರೇ? ಏನಾಯಿತೆಂದು ಕೇಳಿಯೇಬಿಟ್ಟರು.

ಅಂದಿನಿಂದ ಅವರ ಬಾಯಿ ಬಂದ್. ಆಗ ಹೊರಗಿನಿಂದ ಬಂದ ಪ್ರತಿ ಕ್ಯಾಸೆಟ್ಟನ್ನೂ ಸೌದಿ ಕಸ್ಟಮ್ಸಿನವರು ಪರಿಶೀಲಿಸಿಯೇ ಬಿಡುತ್ತಿದ್ದರು. ಇದೂ ಅಲ್ಲೇ ಕೂತಿತು. ಒಂದು ಮಾತಿನ ಹಿಂದೆ ಇನ್ನೊಂದು ಹೊರಬಿದ್ದೀತೆಂದು ಹೆದರಿ ಹಸನಾಕ ಊಟದ ಹೊತ್ತಿಗೂ ಮಾತು ಬಿಟ್ಟರು. ನಮಗೆ ಅನ್ನವೇ ರುಚಿಸದಾಯಿತು. ಕೆಣಕಿದರೆ, "ಮಾತಾಡಿಸ್ಬೇಡ ಮಾರಾಯ. ಆ ಮನುಷ್ಯ ದಿನಾ ಬೆಳಿಗ್ಗೆ ನನ್ನ ಮುಖ ನೋಡ್ತಾರೆ" ಎಂದರು.

ಕ್ಯಾಸೆಟ್ ಕೈಸೇರಿದ ಶುಕ್ರವಾರ ಸಾಹೇಬರು ನಮ್ಮನ್ನೂ ಮನೆಗೆ ಕರೆದರು. ಆಟ ನಮಗೆ ತಲೆಬುಡ ತಿಳಿಯಲಿಲ್ಲ. ಎರಡೂ ತಂಡಗಳು ಸಮನಾಗಿದ್ದವು, ಕೊನೆಯ ನಿಮಿಷ. ಆಗ ಪಕ್ಕದಲ್ಲೇ ಕೂತಿದ್ದ ಹಸನಾಕ ಸಾಹೇಬರ ಕೈ ಹಿಡಿದುಕೊಂಡರು. ಸಾಹೇಬರು ಅವರ ಮುಖ ನೋಡಿದರು, ಕೈ ಬಿಡಿಸಿಕೊಳ್ಳಲಿಲ್ಲ. ಮರುಕ್ಷಣ, ಚೆಂಡಿನ ಬದಲು ಅವರು ಆಡುವ ಕಪ್ಪು ಬಿಲ್ಲೆ ಸಾಹೇಬರ ಮಗನ ಕಾಲ ಸಂದಿಯಿಂದ ಗೋಲಿನೊಳಗೆ ಜಾರಿತು.

"ಮೊದಲೇ ಹೇಳಿದ್ರೆ ಸಾಹೇಬರು ಒಬ್ರೇ ಇರುವಾಗ ಸೋತ ಸುದ್ದಿ ಕೇಳ್ಬೇಕಿತ್ತು," ಎಂದರು ಹಸನಾಕ, ವಾಪಸಾಗುವಾಗ. "ಇವತ್ತು ನಾವೆಲ್ಲ ಇದ್ದೆವಲ್ಲ."

ಎರಡು ವರ್ಷದ ನಂತರ ಅವರು ರಜೆಯ ಮೇಲೆ ಊರಿಗೆ ಹೊರಟರು. ವಿಮಾನ ನಿಲ್ದಾಣದವರೆಗೂ ಊರವರ, ರೂಮಿನವರ ಸುದ್ದಿಯೇ ಸುದ್ದಿ. ಬರುವಾಗ ಮಾವಿನ ಉಪ್ಪಿನಕಾಯಿ ತರುತ್ತೇನೆಂದರು. ಒಳಹೋಗುವ ಮುನ್ನ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ನನಗೆ ನಗು ಬಂತು.

ತಿಂಗಳೊಳಗೆ ಅವರು ತೀರಿಕೊಂಡರೆಂದು ಊರಿನಿಂದ ಫೋನ್ ಬಂತು. ಕಾಯಿಲೆ ವಾಸಿಯಾಗುವುದಿಲ್ಲವೆಂದು ಜೆದ್ದಾದ ಡಾಕ್ಟರು ಅವರಿಗೆ ಹೊರಡುವ ಮೊದಲೇ ಹೇಳಿದ್ದರಂತೆ. ಸುದ್ದಿ ಕೇಳುವಾಗ ರೂಮಿನಲ್ಲಿ ನಾನೊಬ್ಬನೇ ಇದ್ದೆ. ನನ್ನ ಬಲಗೈಯನ್ನು ನಾನೇ ಎಡಗೈಯಲ್ಲಿ ಹಿಡಿದುಕೊಂಡು ಕೂತೆ.